ಹದಿನಾಲ್ಕು ಹೆಸರಿನ ಬಾತಾ

ಮೊದಲನೆಯ ಮಂಗಳವಾರ ಬುರುಲ್ ಎಜೆಯನ್ನು ಕೆಲಸದಿಂದ ತೆಗೆದರು. ಎರಡನೆಯ ಮಂಗಳವಾರ ತುರ್ಸುನಾಯ್‌ಳನ್ನು ತೆಗೆದರು. ಮೂರನೆಯ ಮಂಗಳವಾರ ಸೈರಾಳನ್ನು. ಮಾಲೀಕನ ಮೇಜಿನ ಮೇಲೆ ಹದಿನಾಲ್ಕು ಹೆಸರಿನ ಒಂದು ಹಾಳೆ ಇತ್ತು. ಮೇಲಿನ ಮೂರು ಹೆಸರಿನ ಮೇಲೆ ಗೆರೆ ಎಳೆದಿತ್ತು.

ಆ ಹೆಸರುಗಳನ್ನು ಬರೆದವಳು ನಾನು.

ಬಿಷ್ಕೆಕ್‌ನ ಉತ್ತರದ ಹೊಸ ಬಡಾವಣೆಯಲ್ಲಿ ಮಾರ್ಲೆನ್ ಬೈಕೆಯ ಹೊಲಿಗೆ ಕಾರ್ಖಾನೆ ಇರುವುದು ನೆಲಮಾಳಿಗೆಯಲ್ಲಿ. ಅಲ್ಲಿ ಹನ್ನೊಂದು ವರ್ಷದಿಂದ ನಾನು ಅಂಚು ಹೊಲಿಯುತ್ತೇನೆ. ಬೈಕೆ ಅಂದರೆ ಅಣ್ಣ, ಎಜೆ ಅಂದರೆ ಅಕ್ಕ. ನಲವತ್ತು ಹೆಂಗಸರಿಗೆ ಅವನೊಬ್ಬನೇ ಅಣ್ಣ. ಮಾರ್ಕ್ಸ್‌ನ ಅರ್ಧ ಹೆಸರಿಗೆ ಲೆನಿನ್‌ನ ಅರ್ಧ ಹೆಸರು ಸೇರಿಸಿ ಅವನಪ್ಪ ಮಗನಿಗೆ ಹೆಸರಿಟ್ಟಿದ್ದ. ಆ ಎರಡೂ ಅರ್ಧಗಳು ಅವನನ್ನು ಬಿಟ್ಟುಹೋಗಿ ಬಹಳ ಕಾಲವಾಯಿತು.

ನೆಲಮಾಳಿಗೆಗೆ ಎರಡು ಬಾಗಿಲು. ಮುಂದಿನದರಿಂದ ಬೀದಿಗೆ ಹತ್ತುವ ಮೆಟ್ಟಿಲು ಎಷ್ಟು ಕಿರಿದೆಂದರೆ ಒಬ್ಬರು ಇಳಿಯುವಾಗ ಇನ್ನೊಬ್ಬರು ಹತ್ತುವಂತಿಲ್ಲ. ಹಿಂದಿನದು ಅಂಗಳಕ್ಕೆ ತೆರೆಯುತ್ತದೆ, ಅಂದರೆ ತೆರೆಯಬೇಕು. ಅದಕ್ಕೆ ಸರಪಳಿ, ಸರಪಳಿಗೆ ಮುಷ್ಟಿಗಾತ್ರದ ಬೀಗ. ದಾರದ ಉಂಡೆಗಳು ಕಳುವಾಗುತ್ತವೆ ಅಂತ. ಫೆಬ್ರವರಿಯಲ್ಲಿ ಇಸ್ತ್ರಿ ಮೇಜಿನ ತಂತಿ ಹೊತ್ತಿಕೊಂಡಿತು. ಬೆಂಕಿ ದೊಡ್ಡದಲ್ಲ, ಹೊಗೆ ದೊಡ್ಡದು. ನಲವತ್ತು ಜನ ಒಂದೇ ಮೆಟ್ಟಿಲಿಗೆ ಮುಗಿಬಿದ್ದೆವು. ಬುರುಲ್ ಎಜೆಯ ಮೊಣಕಾಲು ಮುರಿದದ್ದು ಆವತ್ತೇ. ಯಾರೂ ಸಾಯಲಿಲ್ಲ. ಯಾರೂ ಸಾಯದೆ ಇದ್ದುದರಿಂದ ಏನೂ ಆಗಲಿಲ್ಲ ಎಂದು ತೀರ್ಮಾನವಾಯಿತು. ಮಾರನೆಯ ದಿನವೂ ಬೀಗ ಅಲ್ಲೇ ಇತ್ತು.

ಎರಡು ದಿನದ ಮೇಲೆ 'ಕೆಂಪು ದಾರ' ಎಂಬ ಅಡ್ಡಹೆಸರಿನಲ್ಲಿ ಆ ಬೀಗದ ಫೋಟೋ ಬಂತು. ಕೆಳಗೆ ಒಂದೇ ಸಾಲು: 'ನಲವತ್ತು ಜನ ಒಳಗಿದ್ದಾಗ ಇದರ ಕೀಲಿ ಯಾರ ಜೇಬಿನಲ್ಲಿತ್ತು?'

ಫೋಟೋ ಬಂದದ್ದು ನಾವೇ ಕಟ್ಟಿಕೊಂಡ ಇಂಟರ್‌ನೆಟ್ ಜಾಲದಲ್ಲಿ. ಅಲ್ಲಿಂದ ಅಲ್ಮಾಟಿಯ ಜಾಲಕ್ಕೆ ಹೋಯಿತು, ಅಲ್ಲಿಂದ ಮಾಸ್ಕೋದಲ್ಲಿ ದುಡಿಯುವ ನಮ್ಮವರ ಜಾಲಕ್ಕೆ. ಮಾಸ್ಕೋದಲ್ಲಿ ನಮ್ಮ ಕೋಟುಗಳನ್ನು ಕೊಳ್ಳುವವಳ ಕಣ್ಣಿಗೂ ಬಿತ್ತು. ಅವಳು ವಸಂತದ ಆರ್ಡರನ್ನು ನಿಲ್ಲಿಸಿದಳು. ಮೊಣಕಾಲು ಮುರಿದಾಗ ಎಚ್ಚರಾಗದ ಮಾರ್ಲೆನ್ ಬೈಕೆ ಆಗ ಎಚ್ಚರಾದ.

ನಮ್ಮ ಜಾಲ ಅಂದೆನಲ್ಲ, ಅದರ ಕತೆ ಸ್ವಲ್ಪ ಹೇಳಬೇಕು. ಮೊದಲು ನಾವೂ ಎಲ್ಲರ ಹಾಗೆ ದೊಡ್ಡ ಕಂಪನಿಯೊಂದರ ಆಪ್‌ನಲ್ಲಿ ಗುಂಪು ಮಾಡಿಕೊಂಡಿದ್ದೆವು. ಅದರಲ್ಲಿ ಮೂವತ್ತು ಜನ. ಮೂವತ್ತೊಂದನೆಯವಳು ಮಾರ್ಲೆನನ ನಾದಿನಿ ಎಂದು ಗೊತ್ತಾಗುವ ಹೊತ್ತಿಗೆ ಎರಡು ವರ್ಷವಾಗಿತ್ತು. ಬೆಳಿಗ್ಗೆ ಬರೆದದ್ದು ಮಧ್ಯಾಹ್ನದ ಚಹಾಕ್ಕೆ ಮುಂಚೆ ಅವನ ಕಿವಿಯಲ್ಲಿರುತ್ತಿತ್ತು.

ಶನಿವಾರದ ಓದುಕೂಟಕ್ಕೆ ನಾವು ಐದಾರು ಜನ ಹೋಗುತ್ತಿದ್ದೆವು. ಅದನ್ನು ನಡೆಸುವವನು ವಾದಿಮ್ ಕಿಮ್, ಕೊರಿಯಾ ಮೂಲದವನು, ಕಂಪ್ಯೂಟರ್ ಕೆಲಸದವನು, ಚಪ್ಪಲಿ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಪುಸ್ತಕ ಇಟ್ಟುಕೊಂಡು ಕೂತವನು. ದುಡಿಮೆಯ ಬಗ್ಗೆ, ಭೂಮಿಯ ಬಗ್ಗೆ, ಹೆಣ್ಣಿನ ಬಗ್ಗೆ ಅಲ್ಲಿ ನಾವು ಓದಿದೆವು. ಒಂದು ಶನಿವಾರ ಅವನು, "ಯಾರೂ ಮಾಲೀಕರಿಲ್ಲದ ಸಾಫ್ಟ್‌ವೇರ್ ಅಂತ ಒಂದಿದೆ," ಎಂದ. "ಬರೆದೋರು ಬರೆದು ಬೀದೀಲಿ ಇಟ್ಟು ಹೋಗ್ತಾರೆ. ಯಾರು ಬೇಕಾದ್ರೂ ಎತ್ಕೋಬಹುದು, ಬಿಚ್ಚಿ ನೋಡ್ಬಹುದು, ತಿದ್ಬಹುದು. ತಿದ್ದಿದ್ಮೇಲೆ ಮತ್ತೆ ಬೀದೀಲೇ ಇಡ್ಬೇಕು."

ಕುಮುಷ್ ಅಪಾ ನಕ್ಕಳು. ಅವಳಿಗೆ ಎಪ್ಪತ್ತೊಂದು, ನಮಗೆಲ್ಲ ಅಪಾ, ಅಂದರೆ ಅಮ್ಮ. ಮಾರ್ಲೆನನ ತಾಯಿಯ ಜೊತೆಗೇ ಸರ್ಕಾರಿ ಹೊಲಿಗೆ ಕಾರ್ಖಾನೆಯಲ್ಲಿ ದುಡಿದವಳು. ಈಗ ನಮ್ಮಲ್ಲಿ ಇಸ್ತ್ರಿ ಹಾಕುತ್ತಾಳೆ. "ಇಷ್ಟಕ್ಕೆ ಇಷ್ಟ್ ದೊಡ್ಡ ಭಾಷಣಾನಾ ಮಗಾ? ಇದು ಅಷರ್."

ಅಷ್ಟೇ. ನಮಗೆ ಬೇರೆ ಪಾಠ ಬೇಕಾಗಲಿಲ್ಲ. ಒಬ್ಬರ ಮನೆಗೆ ಗೋಡೆ ಎಬ್ಬಿಸಬೇಕೆಂದರೆ ಕೇರಿಯೆಲ್ಲ ಬಂದು ಮಣ್ಣು ತುಳಿಯುತ್ತದೆ. ಕೂಲಿ ಇಲ್ಲ. ಮನೆಯವರು ಊಟ ಹಾಕುತ್ತಾರೆ, ನಾಳೆ ಇನ್ನೊಬ್ಬರ ಗೋಡೆಗೆ ಇವರು ಹೋಗುತ್ತಾರೆ. ಹುಟ್ಟಿದಾಗಿನಿಂದ ಮಾಡಿಕೊಂಡು ಬಂದದ್ದನ್ನು ದೂರದ ದೇಶದ ಹುಡುಗರು ಈಗ ಕಂಡುಹಿಡಿದಿದ್ದಾರೆ ಎಂದು ತಿಳಿದು ನಮಗೆ ಸ್ವಲ್ಪ ಹೆಮ್ಮೆಯೂ ಆಯಿತು. ಬೀದಿಯಲ್ಲಿಟ್ಟಿದ್ದ ಒಂದು ಜಾಲವನ್ನು ಎತ್ತಿಕೊಂಡೆವು. ಅದರ ಒಂದೊಂದು ಪದವನ್ನೂ ಕಿರ್ಗಿಜ್‌ಗೆ ತಂದೆವು. ವಾದಿಮ್ ಕಲಿಸಿದ, ನಾನು ಕಲಿತೆ, ಅಂಚು ಹೊಲಿಯುವ ಕೈಗೆ ಕೋಡ್ ಹೊಲಿಯುವುದೂ ಬಂತು. ಜಾಲಕ್ಕೆ ಅಷರ್ ಎಂದೇ ಹೆಸರಿಟ್ಟೆವು. ಅದರ ಯಂತ್ರ ಒಂದು ರೊಟ್ಟಿಯಷ್ಟು ದೊಡ್ಡದು, ಕುಮುಷ್ ಅಪಾಳ ಮನೆಯಲ್ಲಿ ಪೇರಿಸಿಟ್ಟ ಕೌದಿಗಳ ಮರೆಯಲ್ಲಿ ಕೂತಿತು. ಜಾಲದಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ. ಕೆಂಪು ದಾರ, ಮುರಿದ ಸೂಜಿ, ಎರಡನೇ ಚಹಾ. ಯಾವ ಅಡ್ಡಹೆಸರು ಯಾರದು ಎಂದು ಪೂರ್ತಿ ತಿಳಿದಿದ್ದವಳು ನಾನೊಬ್ಬಳೇ. ಯಂತ್ರ ಅಪಾಳ ಮನೆಯಲ್ಲಿದ್ದುದರಿಂದ ಅವಳಿಗೂ ಕೆಂಪು ದಾರವೂ ಸೇರಿ ಕೆಲವು ಗೊತ್ತಿದ್ದವು.

ಬೆಂಕಿಗೆ ಎಷ್ಟೋ ತಿಂಗಳು ಮುಂಚೆ, ಕೆಲಸ ಮುಗಿದ ದಿನ, ಅಪಾಳ ಮನೆಯಲ್ಲಿ ಹದಿನಾಲ್ಕು ಜನ ಸೇರಿದೆವು. ಹಿಟ್ಟಿನ ಬೋರ್ಸೊಕ್ ಕರಿದೆವು, ಚಹಾ ಕುಡಿದೆವು. ಉಂಡ ಮೇಲೆ ಬಾತಾ, ಅಂದರೆ ಹಿರಿಯರ ಆಶೀರ್ವಾದ, ಆಗದೆ ಯಾರೂ ಏಳುವಂತಿಲ್ಲವಲ್ಲ. ಅಪಾ ಎರಡೂ ಅಂಗೈಗಳನ್ನು ಮುಖದ ಮುಂದೆ ಬಿಡಿಸಿದಳು, ನಾವೂ ಬಿಡಿಸಿದೆವು. ಕೂತ ಸಾಲಿನಂತೆ, ದೊಡ್ಡವರಿಂದ ಚಿಕ್ಕವರಿಗೆ, ಒಬ್ಬೊಬ್ಬರ ಹೆಸರೂ ತೆಗೆದುಕೊಂಡು ಹರಸಿದಳು. ಬುರುಲ್‌ಳ ಮೊಣಕಾಲು ಗಟ್ಟಿಯಿರಲಿ. ತುರ್ಸುನಾಯ್‌ಳ ಮಗ ದೂರದ ಊರಿನಿಂದ ನಡೆದೇ ಬರಲಿ, ಹೊತ್ತು ತರುವಂತಾಗದಿರಲಿ. ಸೈರಾಳ ಸೂಜಿ ಬೆರಳನ್ನು ಬಿಟ್ಟು ಬಟ್ಟೆಯನ್ನೇ ಚುಚ್ಚಲಿ. ಹನ್ನೊಂದನೆಯವಳು ಝೀಬೆಕ್, ಆಗ ಬಸುರಿ: ಅವಳ ಹಾಲು ಬತ್ತದಿರಲಿ. ಹದಿನಾಲ್ಕನೆಯವಳು ನಾನು, ವಯಸ್ಸಿನಲ್ಲಿ ಕೊನೆಯವಳಲ್ಲದಿದ್ದರೂ ಬಾಗಿಲ ಬಳಿ ಕೂತು ಚಹಾ ಬಗ್ಗಿಸುತ್ತಿದ್ದವಳು: ಮಹಾಬತ್ ಹೊಲಿದದ್ದು ಬಿಚ್ಚದಿರಲಿ. ಬಾತಾ ಕೊಡುವವರು ತಮ್ಮ ಹೆಸರು ತಾವೇ ತೆಗೆದುಕೊಳ್ಳುವುದಿಲ್ಲ. ಅಪಾಳ ಹೆಸರು ಅದರಲ್ಲಿಲ್ಲ.

ಮಾರನೆಯ ದಿನ ನಮ್ಮ ಕೋಡನ್ನು ಬೀದಿಯಲ್ಲಿಡಬೇಕಿತ್ತು, ಅಂದರೆ ಜಗತ್ತಿಗೆಲ್ಲ ಕಾಣುವ ಹಾಗೆ. ಬಾತಾ ಇಲ್ಲದೆ ಅಷರ್ ಮುಗಿಯುವುದುಂಟೆ? ಅಪಾ ಹೇಳಿದ್ದನ್ನು ಅಕ್ಷರ ಬಿಡದೆ ಟೈಪ್ ಮಾಡಿ, 'ಬಾತಾ' ಎಂಬ ಹೆಸರಿನ ಫೈಲಿನಲ್ಲಿ, ಉಳಿದೆಲ್ಲ ಫೈಲುಗಳ ಪಕ್ಕದಲ್ಲಿ ಇಟ್ಟೆ. ಪಾಸ್‌ವರ್ಡಿಗೆ ಮೂರು ಬೀಗ ಹಾಕಿದವಳು ನಾನು. ಜಾಲದೊಳಗೆ ಒಂದು ಸ್ವಂತ ಹೆಸರೂ ನುಸುಳದಂತೆ ಹದ್ದಿನ ಕಣ್ಣಿಟ್ಟವಳು ನಾನು. ಬಾತಾ ಒಂದು ಪಟ್ಟಿ ಎಂದು ನನಗೆ ಹೊಳೆಯಲೇ ಇಲ್ಲ. ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಉಸಿರನ್ನು ಯಾರಾದರೂ ಪಟ್ಟಿ ಅನ್ನುತ್ತಾರೆಯೇ?

ಫೋಟೋದ ಜಾಡು ಹಿಡಿದು ನಮ್ಮ ಕೋಡಿನ ತನಕ ಬಂದ ಮಾರ್ಲೆನನ ಅಳಿಯನಿಗೆ ಹೊಳೆಯಿತು.

ಹದಿನಾಲ್ಕೂ ಜನರನ್ನು ಸಾಲಾಗಿ ನಿಲ್ಲಿಸಿ ಮಾರ್ಲೆನ್ ಬೈಕೆ ಹಾಳೆಯನ್ನು ಗಟ್ಟಿಯಾಗಿ ಓದಿದ. ಚೆನ್ನಾಗಿಯೇ ಓದಿದ. ಓದಿ ಮುಗಿಸಿ, ಬಾತಾ ಮುಗಿಸುವ ಹಾಗೆ, ಅಂಗೈಯಿಂದ ಮುಖ ಸವರಿಕೊಂಡು "ಓಮಿನ್" ಎಂದೂ ಹೇಳಿದ.

"ಒಳ್ಳೇ ಬಾತಾ. ಈಗ ಹೇಳಿ, ಇದ್ರಲ್ಲಿ ಕೆಂಪು ದಾರ ಯಾರು?"

ಅವನು ಸಾಲಿನ ಒಂದು ತುದಿಯಿಂದ ಇನ್ನೊಂದಕ್ಕೆ ನಡೆದ.

"ನಾನೇನು ರಾಕ್ಷಸನಾ? ಒಂದು ಹೆಸರು ಕೇಳ್ತಿದೀನಿ. ಮುಚ್ಚಿಡೋಕೆ ಏನೂ ಇಲ್ದೋರಿಗೆ ಭಯ ಯಾಕೆ?"

"ಹಂಗಾದ್ರೆ ಹಿಂದಿನ ಬಾಗ್ಲು ಯಾಕೆ ಮುಚ್ಚಿಟ್ಟಿದೀಯ ಬೈಕೆ?" ಎಂದಳು ಬುರುಲ್ ಎಜೆ, ಊರುಗೋಲಿನ ಮೇಲೆ ವಾಲಿಕೊಂಡು.

ಹಿಂದೆ ಯಾರೋ ಕಿಸಕ್ಕೆಂದರು. ಮಾರ್ಲೆನ್ ನಗಲಿಲ್ಲ. ಮೇಜಿನ ಡ್ರಾಯರಿನಿಂದ ಇನ್ನೊಂದು ಹಾಳೆ ತೆಗೆದ. ಪೊಲೀಸರಿಗೆ ಬರೆದ ದೂರು. ಸುಳ್ಳು ಸುದ್ದಿ ಹಬ್ಬಿಸಿ ವ್ಯಾಪಾರ ಕೆಡಿಸಿದವಳ ಮೇಲೆ. ಎಲ್ಲ ತುಂಬಿಯಾಗಿತ್ತು, ಹೆಸರಿನ ಜಾಗ ಮಾತ್ರ ಖಾಲಿ. "ಇದು ತುಂಬೋ ತನಕ ವಾರಕ್ಕೊಬ್ಬರು ಮನೆಗೆ. ನಿಮ್ಮ ಅಪಾ ಹರಸಿದ ಸಾಲಿನಲ್ಲೇ. ಹಿರಿಯರಿಗೆ ಮೊದಲ ಮರ್ಯಾದೆ."

ಹಾಗೆ ಬುರುಲ್ ಎಜೆ ಮೊದಲು ಹೋದಳು. ನಾನು ಕೊನೆಯವಳು. ಬಾಗಿಲ ಬಳಿ ಕೂತು ಚಹಾ ಬಗ್ಗಿಸಿದ್ದಕ್ಕೆ, ಹದಿಮೂರು ಜನ ಹೋಗುವುದನ್ನು ನೋಡಿದ ಮೇಲೆ ನನ್ನ ಸರದಿ.

ಕೆಂಪು ದಾರ ಝೀಬೆಕ್. ಓದುವವರಿಗೆ ಮುಚ್ಚಿಡುವುದಿಲ್ಲ. ಇಪ್ಪತ್ತಮೂರು ವರ್ಷ, ಏಳು ತಿಂಗಳ ಕೂಸು, ಗಂಡ ರಷ್ಯಾದಲ್ಲೆಲ್ಲೋ ಕಾಂಕ್ರೀಟ್ ಕಲಸುತ್ತಾನೆ. ಮಧ್ಯಾಹ್ನ ಅತ್ತೆ ಕೂಸನ್ನು ಹಿಂದಿನ ಅಂಗಳಕ್ಕೆ ತರುತ್ತಾಳೆ. ಹತ್ತು ಹೆಜ್ಜೆಯ ಹಿಂದಿನ ಬಾಗಿಲಿಗೆ ಬೀಗವಾದ್ದರಿಂದ ಝೀಬೆಕ್ ಮುಂದಿನ ಮೆಟ್ಟಿಲು ಹತ್ತಿ, ಬೀದಿ ಸುತ್ತಿ, ಓಡಿಹೋಗಿ ಹಾಲು ಕುಡಿಸಿ ಓಡಿಬರುತ್ತಾಳೆ. ಆ ಬೀಗವನ್ನು ಅವಳಷ್ಟು ಚೆನ್ನಾಗಿ ನೋಡಿದವರು ಯಾರೂ ಇಲ್ಲ. ಖಾಲಿ ಜಾಗದಲ್ಲಿ ಅವಳ ಹೆಸರು ಬಿದ್ದರೆ ಅವಳು ಠಾಣೆಗೆ, ಕೂಸು ಅಂಗಳದಲ್ಲಿ.

ನಾನು ವಾದಿಮ್‌ನ ಬಳಿ ಓಡಿದೆ.

"ಆ ಫೈಲು ಅಳಿಸ್ಬೇಕು."

"ನಮ್ಮ ಕಡೆ ಇರೋದನ್ನ ಒಂದು ನಿಮಿಷದಲ್ಲಿ ಅಳಿಸ್ತೀನಿ," ಎಂದ. "ಆದ್ರೆ ಹಳೇ ಪ್ರತಿ ಎಲ್ಲ ಉಳಿದಿರುತ್ತೆ. ಯಾರು ಯಾವತ್ತು ಏನು ತಿದ್ದಿದ್ರು ಅನ್ನೋದೆಲ್ಲಾ. ಅದನ್ನೂ ಕಿತ್ತುಹಾಕ್ಬಹುದು. ಆದ್ರೆ ಬೇರೆಯೋರು ಎತ್ಕೊಂಡು ಹೋಗಿದಾರಲ್ಲ ಮಹಾಬತ್. ನೂರಾ ಎಂಬತ್ತು ಜನ."

"ಅವರಿಗೆ ಹೇಳಿ ಅಳಿಸು."

"ನಾನು ಹೇಳಿದ್ರೆ ಅವರು ಅಳಿಸೋಕೆ ನಾನು ಯಾರು? ಮಾಲೀಕನಾ?" ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. "ಯಾರೂ ಅಳಿಸೋಕಾಗಲ್ಲ ಅಂತ ತಾನೇ ನಾವು ಇದನ್ನ ಆರಿಸ್ಕೊಂಡಿದ್ದು? ಸರ್ಕಾರ ಅಳಿಸೋಕಾಗಲ್ಲ, ಕಂಪನಿ ಅಳಿಸೋಕಾಗಲ್ಲ."

"ನಾವೂ ಅಳಿಸೋಕಾಗಲ್ಲ ಅಂತ ಆವಾಗ ಹೇಳ್ಲಿಲ್ಲ ನೀನು."

ಅವನ ಪರದೆಯ ಮೇಲೆ ನಮ್ಮ ಕೋಡ್ ತೆರೆದಿತ್ತು. ಸಾಲು ಸಾಲಿನ ಪಕ್ಕದಲ್ಲಿ ಬರೆದವರ ಗುರುತು. ಅವನ ಸಾಲುಗಳ ಪಕ್ಕದಲ್ಲೆಲ್ಲ 'ಬೂದು ಗುಬ್ಬಿ' ಎಂದಿತ್ತು.

"ನಿನ್ನ ಹೆಸರು ಎಲ್ಲೂ ಇಲ್ವಲ್ಲ ವಾದಿಮ್."

"ನಾನು ಮೊದ್ಲಿಂದ್ಲೂ ಎಚ್ಚರ. ಅಭ್ಯಾಸ."

"ಬಾತಾ ಫೈಲು ನೀನು ನೋಡಿರ್ಲಿಲ್ವಾ?"

"ನೋಡಿದ್ದೆ."

"ಮತ್ತೆ?"

"ಅಷ್ಟು ಚೆನ್ನಾಗಿತ್ತು. ಜಗತ್ತಲ್ಲಿ ಬೇರೆ ಯಾರ ಕೋಡಲ್ಲೂ ಅಂಥದ್ದಿಲ್ಲ. ತೆಗಿ ಅನ್ನೋಕೆ ನಾಲಿಗೆ ಬರ್ಲಿಲ್ಲ ನಂಗೆ." ಅವನ ಕಣ್ಣಲ್ಲಿ ನೀರಿತ್ತು. ಅವನು ಕೆಟ್ಟವನಲ್ಲ, ನಮ್ಮ ಪಾಲಿಗೆ ಕೆಟ್ಟವರು ಬಂದದ್ದೂ ಕಡಿಮೆಯೇ. ನಮ್ಮ ಹಾಡು ಚೆಂದ, ನಮ್ಮ ಕೌದಿ ಚೆಂದ, ನಮ್ಮ ಬಾತಾ ಚೆಂದ ಎಂದು ಕಣ್ಣರಳಿಸುವವರೇ ಬಂದದ್ದು ಹೆಚ್ಚು. ಅವರ ಹೆಸರು ಮಾತ್ರ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ತೆರೆದಿಡುವುದು ಧರ್ಮ ಎಂದು ನಮಗೆ ಕಲಿಸಿದರು, ಏನನ್ನು ಮುಚ್ಚಿಟ್ಟುಕೊಳ್ಳಬೇಕು ಎಂಬುದನ್ನು ತಮಗೆ ತಾವೇ ಕಲಿತುಕೊಂಡಿದ್ದರು.

ಆದರೂ ಇಬ್ಬರೂ ಕೂತು ಪತ್ರ ಬರೆದೆವು. ನೂರಾ ಎಂಬತ್ತು ಪತ್ರ. 'ದಯವಿಟ್ಟು ಈ ಒಂದು ಫೈಲನ್ನು ನಿಮ್ಮಲ್ಲಿಂದ ತೆಗೆಯಿರಿ. ಇದರಲ್ಲಿರುವುದು ನಿಜವಾದ ಹೆಂಗಸರ ಹೆಸರು.' ಮೂವತ್ತು ಜನ ತಕ್ಷಣ ತೆಗೆದರು. ನೂರಕ್ಕೂ ಹೆಚ್ಚು ಜನ ಉತ್ತರವನ್ನೇ ಕೊಡಲಿಲ್ಲ. ಎತ್ತಿಕೊಂಡು ಹೋದದ್ದೇ ಅವರಿಗೆ ಮರೆತಿತ್ತೇನೋ. ಫಿನ್‌ಲೆಂಡಿನ ಒಬ್ಬ ಬಹಳ ಮರ್ಯಾದೆಯಿಂದ ಬರೆದ: ನಿಮ್ಮ ಕಷ್ಟ ಅರ್ಥವಾಗುತ್ತದೆ, ಆದರೆ ಒಮ್ಮೆ ಪ್ರಕಟವಾದ ಚರಿತ್ರೆಯನ್ನು ತಿದ್ದುವುದು ನನ್ನ ತತ್ವಕ್ಕೆ ವಿರುದ್ಧ. ಬ್ರೆಜಿಲ್‌ನ ಹುಡುಗಿಯೊಬ್ಬಳದು ಉದ್ದದ ಪತ್ರ, ತುಂಬ ಪ್ರೀತಿಯ ಪತ್ರ. ಆ ಹರಕೆಯನ್ನು ಓದಿ ಅತ್ತಳಂತೆ. ತನ್ನ ಭಾಷೆಗೆ ತಂದಳಂತೆ. ಹದಿನಾಲ್ಕೂ ಹೆಸರುಗಳನ್ನು ಅಂಗಿಯ ಬೆನ್ನ ಮೇಲೆ ಅಚ್ಚು ಹಾಕಿಸಿ ಗೆಳೆಯರೆಲ್ಲ ತೊಟ್ಟಿದ್ದಾರಂತೆ. ಫೋಟೋ ಕೂಡ ಕಳಿಸಿದ್ದಳು. ಸಮುದ್ರದ ದಂಡೆಯಲ್ಲಿ ಆರು ಬೆನ್ನು. ಬುರುಲ್ ಎಂಬ ಹೆಸರು ಅಷ್ಟು ದೊಡ್ಡ ಅಕ್ಷರದಲ್ಲಿ ನಾನು ಎಲ್ಲೂ ನೋಡಿರಲಿಲ್ಲ. ಬುರುಲ್ ಎಜೆ ಸಮುದ್ರವನ್ನೇ ನೋಡಿರಲಿಲ್ಲ.

ಇಷ್ಟು ಮಾಡಿಯೂ ಏನು ಬಂತು? ಮಾರ್ಲೆನನ ಮೇಜಿನ ಹಾಳೆ ಕಾಗದದ ಹಾಳೆ. ಅದನ್ನು ಅಳಿಸಲು ಯಾರಿಗೆ ಪತ್ರ ಬರೆಯುವುದು?

ಕುಮುಷ್ ಅಪಾಳ ಹತ್ತಿರ ಹೋಗಿ ಅತ್ತೆ. ಕೊಟ್ಟ ಬಾತಾವನ್ನು ವಾಪಸು ತೆಗೆದುಕೊಳ್ಳುವ ದಾರಿ ಏನಾದರೂ ಇದೆಯೇ ಎಂದು ಕೇಳಿದೆ. ಮೂರ್ಖತನದ ಪ್ರಶ್ನೆ ಎಂದು ಕೇಳುವಾಗಲೇ ಗೊತ್ತಿತ್ತು.

"ಮುತ್ತು ಒಡೆದ್ರೆ ಹೋಯ್ತು, ಮಾತು ಆಡಿದ್ರೆ ಹೋಯ್ತು ಮಗಳೇ," ಎಂದಳು. ಇಸ್ತ್ರಿಯ ಬಿಸಿಗೆ ಅವಳ ಬೆರಳ ತುದಿಗಳು ಚರ್ಮದ ಚೀಲದ ಹಾಗೆ ಗಡಸಾಗಿದ್ದವು, ಅವುಗಳಿಂದಲೇ ನನ್ನ ಕೆನ್ನೆ ಒರೆಸಿದಳು. "ಬಾತಾ ಕೊಡ್ಬಹುದು. ಕೊಡ್ದೆ ಇರ್ಬಹುದು. ಕೊಟ್ಟಿದ್ದನ್ನ ಇಸ್ಕೊಳೋದು ದೇವರಿಗೂ ಗೊತ್ತಿಲ್ಲ."

ನಾಲ್ಕನೆಯ ಮಂಗಳವಾರಕ್ಕೆ ಮುಂಚೆ ಬುರುಲ್ ಎಜೆ ಊರುಗೋಲು ಊರಿಕೊಂಡು ನನ್ನ ಮನೆಗೆ ಬಂದಳು. ಕೂರುವ ಮೊದಲೇ, "ಹೇಳ್ಬಿಡೇ," ಎಂದಳು.

"ಯಾರ ಹೆಸರು ಎಜೆ?"

"ನಂದು. ನಾನೇ ಕೆಂಪು ದಾರ ಅನ್ನು. ಕೆಲಸ ಹೆಂಗೂ ಹೋಗಿದೆ. ಈ ಕಾಲಿಟ್ಕೊಂಡು ಜೈಲಲ್ಲಿ ಕೂತ್ರೇನು, ಮನೇಲಿ ಕೂತ್ರೇನು? ಅಲ್ಲಿ ಸೊಸೆ ಬೈಗುಳವಾದ್ರೂ ಇರಲ್ಲ."

"ಅದು ಯಾರು ಅಂತ ನಿಂಗೆ ಗೊತ್ತಾ?"

"ಗೊತ್ತಿಲ್ಲ. ಗೊತ್ತಾಗೋದೂ ಬೇಡ. ಯಾರ ಹೆಸರು ಬಾಯಿಗೆ ಬರುತ್ತೋ ಅವರನ್ನ ಶಪಿಸ್ಬೇಕಾಗುತ್ತೆ. ಈಗ ಯಾರೂ ಇಲ್ದೆ ಇರೋದ್ರಿಂದ ಮಾರ್ಲೆನ್‌ಗೇ ಶಾಪ ಹಾಕ್ತಿದೀನಿ, ಅದೇ ಸರಿಯಾಗಿದೆ."

ನಾನು ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ಮಾರನೆಯ ಬೆಳಿಗ್ಗೆ ಮಾಲೀಕನ ಕೋಣೆಗೆ ಹೋಗಿ, ಜೀವಮಾನದಲ್ಲಿ ಹೇಳಿದ ಅತ್ಯಂತ ಹೇಸಿಗೆಯ ವಾಕ್ಯವನ್ನು ಹೇಳಿದೆ: "ಬುರುಲ್ ಎಜೆ, ಬೈಕೆ. ಅವಳೇ ಕೆಂಪು ದಾರ."

ಮಾರ್ಲೆನ್ ಅಳಿಯನ ಕಡೆ ನೋಡಿದ. ಅಳಿಯ ಫೋನ್ ಒತ್ತಿದ. ನಮ್ಮ ಜಾಲದಲ್ಲಿ ಎಲ್ಲವೂ ತೆರೆದದ್ದೇ, ಯಾವ ಮಾತು ಯಾವ ದಿನ ಯಾವ ಗಳಿಗೆಯಲ್ಲಿ ಬಂತು ಎಂಬುದೂ.

"ಫೋಟೋ ಹಾಕಿದ್ದು ಗುರುವಾರ ಮಧ್ಯಾಹ್ನ ಒಂದೂ ಹತ್ತಕ್ಕೆ," ಎಂದ ಅಳಿಯ. "ಆವಾಗ ಬುರುಲ್ ಎಜೆ ಆಸ್ಪತ್ರೇಲಿ ಕಾಲಿಗೆ ಮೊಳೆ ಹೊಡೆಸ್ಕೊಳ್ತಿದ್ರು."

ಮಾರ್ಲೆನ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಹಂಗಾದ್ರೆ ನಿನಗೆ ಗೊತ್ತು! ಗೊತ್ತಿಲ್ದೋಳು ಸುಳ್ಳು ಹೇಳೋಕೆ ಬರಲ್ಲ. ಮಹಾಬತ್, ನಿನ್ನ ಹೆಸರಿನ ಅರ್ಥವೇ ಪ್ರೀತಿ ಅಲ್ವಾ? ಎಷ್ಟು ಜನರನ್ನ ಮನೆಗೆ ಕಳಿಸ್ತೀಯ, ಪ್ರೀತಿ?"

ಕಳಿಸುವವಳು ನಾನೇ ಎಂಬಂತೆ ಅವನು ಕೇಳಿದ. ಹೊರಗೆ ಬರುವ ಹೊತ್ತಿಗೆ ನನಗೂ ಹಾಗೇ ಅನ್ನಿಸತೊಡಗಿತ್ತು. ಅನ್ಯಾಯ ಮಾಡುವವರ ಕೈಚಳಕವೇ ಅದು. ಕತ್ತಿ ಅವರದು, ಹಿಡಿ ಮಾತ್ರ ನಮ್ಮ ಕೈಗೆ ತುರುಕುತ್ತಾರೆ. ಓದುಕೂಟದಲ್ಲಿ ಇದನ್ನು ನಾನು ಓದಿದ್ದೆ, ಕೆಳಗೆ ಗೆರೆಯನ್ನೂ ಎಳೆದಿದ್ದೆ. ಓದಿದ್ದು ಉಪಯೋಗಕ್ಕೆ ಬರಲಿಲ್ಲ.

ನಾಲ್ಕನೆಯವಳು ಹೋದಳು. ಐದನೆಯವಳು ಹೋದಳು. ಈಗ ಉಳಿದ ಹೆಂಗಸರ ಕಣ್ಣು ನನ್ನ ಬೆನ್ನ ಮೇಲಿತ್ತು. "ಅವಳು ಕೊನೇಯವಳು, ಅವಳಿಗೇನು," ಎಂದು ನನಗೆ ಕೇಳುವ ಹಾಗೆಯೇ ಹೇಳಿದರು. ಯಂತ್ರಗಳ ಸದ್ದಿನಲ್ಲಿ ಯಾರು ಎಂದು ತಿಳಿಯಲಿಲ್ಲ. ತಿಳಿಯುವುದು ಬೇಡವಾಗಿತ್ತು.

ಚಹಾದ ಹೊತ್ತಿನಲ್ಲಿ ಝೀಬೆಕ್ ಪಕ್ಕಕ್ಕೆ ಬಂದಳು. ಅಂಗಿಯ ಎದೆ ಒದ್ದೆಯಾಗಿತ್ತು.

"ಎಜೆ, ನಾನೇ ಹೋಗಿ ಹೇಳ್ಲಾ?"

ಬೇಡ ಎಂದೆ. ಆದರೆ ಅದನ್ನು ಹೇಳಲು ಎಷ್ಟು ಹೊತ್ತು ತೆಗೆದುಕೊಂಡೆ ಎಂಬುದು ಅವಳಿಗೂ ಗೊತ್ತು, ನನಗೂ ಗೊತ್ತು. ಬಟ್ಟಲಿನ ಚಹಾ ಅಷ್ಟರಲ್ಲಿ ಆರಿತ್ತು.

ಆರನೆಯ ಮಂಗಳವಾರಕ್ಕೆ ಒಂದು ದಿನ ಮುಂಚೆ, ಸೋಮವಾರ ಮಧ್ಯಾಹ್ನ, ಮಾರ್ಲೆನ್ ಬೈಕೆ ಕುರಿ ಕೊಯ್ಯಿಸಿದ. ಮಾಸ್ಕೋದ ಆರ್ಡರ್ ವಾಪಸು ಬಂದಿತ್ತು. ಆ ಕೊಳ್ಳುವವಳ ನೆನಪು ಎರಡು ತಿಂಗಳು ಬಾಳಿತ್ತು, ಅದೇ ಹೆಚ್ಚು. ಕತ್ತರಿಸುವ ಉದ್ದ ಮೇಜುಗಳನ್ನು ಗೋಡೆಗೆ ಸರಿಸಿ, ನೆಲದ ಮೇಲೆ ಹಾಸು ಹಾಸಿ, ಎಲ್ಲರನ್ನೂ ಕೂರಿಸಿದ. ಕುಮುಷ್ ಅಪಾಳನ್ನು ಕೈಹಿಡಿದು ಕರೆದು ಬಾಗಿಲಿಗೆ ಎದುರಿನ ಹಿರಿಯರ ಜಾಗದಲ್ಲಿ ಕೂರಿಸಿ, ತಾನು ಪಕ್ಕದಲ್ಲಿ ಕೂತ. ಮರ್ಯಾದೆಯ ಪಾಲಾದ ಕುರಿಯ ತಲೆಯನ್ನು ಅವಳ ಮುಂದಿಟ್ಟ. ಐದು ಜನರ ಜಾಗ ಇರಲಿಲ್ಲ. ಖಾಲಿ ಬಿಟ್ಟಿರಲಿಲ್ಲ, ಒತ್ತಿ ಕೂತಿದ್ದರಿಂದ ಇರಲೇ ಇಲ್ಲ.

ಉಂಡೆವು. ಹಸಿವು ಯಾರ ಪಕ್ಷವೂ ಅಲ್ಲ. ಮಾಂಸ ಚೆನ್ನಾಗಿ ಬೆಂದಿತ್ತು ಎಂಬುದನ್ನು ಬರೆಯಲು ನಾಚಿಕೆಯಾಗುತ್ತದೆ.

ಊಟದ ಕೊನೆಗೆ ಮಾರ್ಲೆನ್ ಕೈ ಒರೆಸಿಕೊಂಡು ಗಂಟಲು ಸರಿಮಾಡಿಕೊಂಡ.

"ಅಕ್ಕತಂಗಿಯರೇ, ಸಾಕು. ನನಗೂ ಸಾಕಾಗಿದೆ. ಇವತ್ತಿಗೆ ಮುಗಿಸೋಣ. ಯಾರೂ ಯಾರ ಮೇಲೂ ಚಾಡಿ ಹೇಳೋದು ಬೇಡ, ನಾನು ಅದನ್ನ ಕೇಳಲ್ಲ. ಅಪಾ ಬಾತಾ ಕೊಡಲಿ ಅಷ್ಟೆ. ಆವತ್ತು ಕೊಟ್ಟ ಹಾಗೇ, ಅದೇ ಸಾಲು, ಅದೇ ಹೆಸರುಗಳು." ಅವನು ಅಪಾಳ ಕಡೆ ಬಾಗಿದ. ದನಿ ಮೆತ್ತಗಾಯಿತು. "ಒಂದು ಹೆಸರು ಮಾತ್ರ ಬಿಡಿ ಅಪಾ. ಅಷ್ಟೇ. ನೀವು ಏನೂ ಹೇಳಿದ ಹಾಗಾಗಲ್ಲ. ಬಿಟ್ಟ ಹೆಸರು ನಾನು ಕೇಳಿಸ್ಕೊಳ್ತೀನಿ. ನಾಳೆ ಐದೂ ಜನ ವಾಪಸ್ ಕೆಲಸಕ್ಕೆ. ದೇವರಾಣೆ."

ನಲವತ್ತಕ್ಕೆ ಐದು ಕಡಿಮೆ ಜನ ಉಸಿರು ಹಿಡಿದರು. ನಾನು ಝೀಬೆಕ್‌ಳನ್ನು ನೋಡಬಾರದು ಎಂದು ಹಾಸಿನ ಮೇಲಿನ ರೊಟ್ಟಿಯ ಚೂರನ್ನು ನೋಡುತ್ತ ಕೂತೆ. ಎಷ್ಟು ಸುಲಭ! ಯಾರನ್ನೂ ತೋರಿಸುವುದು ಬೇಕಿಲ್ಲ, ಏನನ್ನೂ ಬರೆದುಕೊಡುವುದು ಬೇಕಿಲ್ಲ. ಹರಸುವಾಗ ಒಂದು ಹೆಸರಿನ ಮೇಲೆ ನಾಲಿಗೆ ಜಾರಿದರೆ ಸಾಕು. ಐದು ಮನೆಯ ಒಲೆ ಹೊತ್ತುತ್ತದೆ. ನಿಜ ಹೇಳುತ್ತೇನೆ, ನನ್ನ ಮನಸ್ಸಿನ ಒಂದು ಮೂಲೆ ಆ ಜಾರುವಿಕೆಗಾಗಿ ಕಾಯುತ್ತಿತ್ತು.

ಮಾರ್ಲೆನ್ ತನ್ನ ಅಂಗೈಗಳನ್ನು ಬಿಡಿಸಿದ. ಅಳಿಯ ಬಿಡಿಸಿದ. ಅಭ್ಯಾಸದಿಂದ ಎಲ್ಲರ ಅಂಗೈಗಳೂ ಎದ್ದವು, ನನ್ನವೂ ಎದ್ದವು.

ಅಪಾಳ ಕೈ ಏಳಲಿಲ್ಲ.

"ಅಪಾ?"

ಅವಳು ಅಂಗೈಗಳನ್ನು ತೊಡೆಯ ಕೆಳಗೆ ತೂರಿಸಿ, ತನ್ನ ಕೈಗಳ ಮೇಲೆ ತಾನೇ ಕೂತಳು. ಶಾಲೆಯಲ್ಲಿ ಬೈಸಿಕೊಂಡ ಹುಡುಗಿಯ ಹಾಗೆ.

"ಕೈ ಎತ್ತಿ ಅಪಾ. ನನ್ನ ತಾಯಿ ಗೆಳತಿ ನೀವು. ನಾನು ಮೊದಲ ಹೆಜ್ಜೆ ಇಟ್ಟಾಗ ಬಾತಾ ಕೊಟ್ಟೋರು ನೀವು."

"ಹೂಂ. ಅದನ್ನ ವಾಪಸ್ ತಗೊಳ್ಳೋ ಹಂಗಿದ್ರೆ," ಎಂದಳು ಅಪಾ, ಅಷ್ಟಕ್ಕೇ ನಿಲ್ಲಿಸಿದಳು.

ಬಾತಾ ಆಗದೆ ಯಾರೂ ಏಳುವಂತಿಲ್ಲ. ಎತ್ತಿದ ಅಂಗೈಗಳನ್ನು ಇಳಿಸುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ. ಮಾರ್ಲೆನ್ ಒಂದು ಮೊಣಕಾಲು ಎತ್ತಿದ, ಅರ್ಧ ಎದ್ದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಮತ್ತೆ ಕೂತ. ಅವನಪ್ಪ ಇಟ್ಟ ಹೆಸರಿನಿಂದ ಅವನು ತಪ್ಪಿಸಿಕೊಂಡಿದ್ದ, ಅವನಮ್ಮ ಕಲಿಸಿದ ಮರ್ಯಾದೆಯಿಂದ ತಪ್ಪಿಸಿಕೊಂಡಿರಲಿಲ್ಲ. ತಟ್ಟೆಗಳಲ್ಲಿ ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟಿತು. ಇದರಿಂದ ಏನೂ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ನಾಳೆ ಮಂಗಳವಾರವೇ. ಹಾಳೆಯಲ್ಲಿ ಆರನೆಯ ಹೆಸರು ಇದ್ದೇ ಇದೆ. ಅಪಾಳ ಹೆಸರು ಪಟ್ಟಿಯಲ್ಲಿಲ್ಲ, ಇನ್ನು ಮೇಲೆ ಇರುತ್ತದೆ.

ಆಗ ಹಿಂದಿನ ಬಾಗಿಲ ಆಚೆಯಿಂದ ಕೂಸಿನ ಅಳು ಕೇಳಿತು. ಹಾಲಿನ ಹೊತ್ತು ಮೀರಿತ್ತು. ಝೀಬೆಕ್ ಕದಲಿದಳು. ಏಳುವಂತಿಲ್ಲ. ಅವಳ ಅಂಗಿಯ ಮೇಲೆ ಎರಡು ಒದ್ದೆಯ ಗುರುತು ನಿಧಾನವಾಗಿ ದೊಡ್ಡವಾದವು. ಅಳು ಜೋರಾಯಿತು. ಸರಪಳಿ ಅದನ್ನು ತಡೆಯಲಿಲ್ಲ.

"ಮಗು ಅಳ್ತಿದೆ ಅಪಾ," ಎಂದ ಮಾರ್ಲೆನ್, ನಿಜವಾದ ಕನಿಕರದಿಂದ. ಆ ಮಗುವಿನ ತಾಯಿಯೇ ಕೆಂಪು ದಾರ ಎಂಬುದು ಅವನಿಗೆ ತಿಳಿದಿರಲಿಲ್ಲ. "ಆ ತಾಯಿಗೋಸ್ಕರವಾದ್ರೂ ಕೈ ಎತ್ತಿ."

ಅಪಾ ಝೀಬೆಕ್‌ಳ ಕಡೆ ನೋಡಲಿಲ್ಲ. ನನ್ನ ಕಡೆಯೂ ನೋಡಲಿಲ್ಲ. ತನ್ನ ಕೈಗಳ ಮೇಲೆ ಇನ್ನಷ್ಟು ಭಾರವಾಗಿ ಕೂತಳು.

"ಎತ್ತಲ್ಲ," ಎಂದಳು.